ತುಲಾಂಬೆನ್‌ನ ಲಿಬರ್ಟಿ: ಹಳ್ಳಿಯಲ್ಲಿ ಉಳಿದವರಿಗೆ ದಕ್ಕುವ ಹಡಗು

ಬಾಲಿ ದ್ವೀಪದ ಈಶಾನ್ಯ ಕರಾವಳಿಯಲ್ಲಿರುವ ತುಲಾಂಬೆನ್ ಎಂಬ ಸಣ್ಣ ಹಳ್ಳಿಗೆ ಜಗತ್ತಿನ ನಾನಾ ಕಡೆಗಳಿಂದ ಸ್ಕೂಬಾ ಡೈವರ್‌ಗಳು ಬರುವುದಕ್ಕೆ ಮುಖ್ಯ ಕಾರಣ ಲಿಬರ್ಟಿ ಎಂಬ ಸರಕು ಹಡಗು. ಸುಮಾರು 125 ಮೀಟರ್ ಉದ್ದದ ಆ ಹಡಗು ಊರಿನ ಕಲ್ಲುದಂಡೆಯಿಂದ ಕೆಲವೇ ನಿಮಿಷ ಈಜಿದರೆ ಸಿಗುವಷ್ಟು ಹತ್ತಿರದಲ್ಲಿ ಮುಳುಗಿ ಮಲಗಿದೆ. ದಕ್ಷಿಣ ಬಾಲಿಯ ಹೋಟೆಲುಗಳಿಂದ ಬೆಳಗ್ಗೆ ಹೊರಟು ಸಂಜೆ ಮರಳುವ ಒಂದು ದಿನದ ಪ್ರವಾಸದಲ್ಲಿ ಇದನ್ನು ನೋಡುವುದಕ್ಕೂ, ಹಳ್ಳಿಯಲ್ಲಿಯೇ ಎರಡು ಮೂರು ರಾತ್ರಿ ತಂಗಿ ನೋಡುವುದಕ್ಕೂ ಬಹಳ ಅಂತರವಿದೆ. ನಾನು ಎರಡನ್ನೂ ಕಂಡಿದ್ದೇನೆ. ಖರ್ಚು ಮಾಡುವುದಾದರೆ ಎರಡನೆಯದಕ್ಕೇ ಮಾಡಬೇಕು, ಮೊದಲನೆಯದಕ್ಕೆ ಕೊಡುವ ಹಣದ ಬಹುಪಾಲು ರಸ್ತೆಯ ಮೇಲೆಯೇ ಕಳೆದುಹೋಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿಗೆ ಹೋಗಲು ಯೋಚಿಸುತ್ತಿರುವ ಕನ್ನಡಿಗರಿಗೆ ನೆರವಾಗಲೆಂದು ಆ ಹಳ್ಳಿಯ ಡೈವಿಂಗ್ ಸೇವೆ, ಹಡಗಿನ ಸ್ಥಿತಿ ಮತ್ತು ಪ್ರವಾಸದ ಸಿದ್ಧತೆಗಳ ಬಗ್ಗೆ ನನ್ನ ವಿಮರ್ಶೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹಡಗಿನ ವಿಚಾರ. ಹೆಸರು ಕೇಳಿದೊಡನೆ ಇದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಸಾವಿರಾರು ಸಂಖ್ಯೆಯಲ್ಲಿ ಕಟ್ಟಿದ ‘ಲಿಬರ್ಟಿ’ ಮಾದರಿಯ ಹಡಗುಗಳಲ್ಲಿ ಒಂದೆಂದು ಹಲವರು ತಿಳಿಯುತ್ತಾರೆ, ಕೆಲವು ಗೈಡುಗಳೂ ಹಾಗೆಯೇ ಹೇಳುತ್ತಾರೆ. ಅದು ಸರಿಯಲ್ಲ. ಈ ಹಡಗು ನ್ಯೂಜೆರ್ಸಿಯ ಕೀರ್ನಿ ಎಂಬಲ್ಲಿ 1918ರಲ್ಲಿ, ಅಂದರೆ ಮೊದಲನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ ತಯಾರಾದದ್ದು. 1942ರ ಜನವರಿ 11ರಂದು, ಆಸ್ಟ್ರೇಲಿಯದಿಂದ ಫಿಲಿಪ್ಪೀನ್ಸ್ ಕಡೆಗೆ ರೈಲ್ವೆ ಬಿಡಿಭಾಗಗಳನ್ನೂ ರಬ್ಬರನ್ನೂ ಹೊತ್ತು ಸಾಗುತ್ತಿದ್ದಾಗ, ಲೊಂಬೊಕ್ ಜಲಸಂಧಿಯ ಬಳಿ ಐ-166 ಎಂಬ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೊ ಇದಕ್ಕೆ ಬಡಿಯಿತು. ಅಮೆರಿಕದ ಪಾಲ್ ಜೋನ್ಸ್ ಮತ್ತು ಡಚ್ಚರ ವಾನ್ ಗೆಂಟ್ ಎಂಬ ಎರಡು ಯುದ್ಧನೌಕೆಗಳು ಇದನ್ನು ಬಾಲಿಯ ಉತ್ತರ ತೀರದ ಸಿಂಗರಾಜ ಬಂದರಿಗೆ ಎಳೆದೊಯ್ಯಲು ಪ್ರಯತ್ನಿಸಿದವು. ಆದರೆ ಹಡಗಿನೊಳಗೆ ನೀರು ಏರುತ್ತಲೇ ಹೋದುದರಿಂದ ಅಷ್ಟು ದೂರ ತಲುಪುವುದು ಅಸಾಧ್ಯವೆಂದು ಕಂಡು, ಸರಕನ್ನಾದರೂ ಉಳಿಸಿಕೊಳ್ಳಲೆಂದು ತುಲಾಂಬೆನ್ ದಂಡೆಗೆ ತಂದು ನೆಲ ಹತ್ತಿಸಿದರು. ಮುಂದಿನ 21 ವರ್ಷ ಅದು ದಂಡೆಯ ಮೇಲೆಯೇ ಇತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸ್ಫೋಟಿಸಿ, ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡು, ಪೂರ್ವ ಬಾಲಿಯ ಹಳ್ಳಿಗಳನ್ನು ಧ್ವಂಸ ಮಾಡಿದಾಗ, ಆ ಕಂಪನಗಳಿಂದ ಹಡಗು ಜಾರಿ ನೀರಿನ ಇಳಿಜಾರಿಗೆ ಬಿದ್ದಿತು.

ಈ ಇತಿಹಾಸವನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಆಳ ಸಮುದ್ರದಲ್ಲಿ ಮುಳುಗಿದ ಹಡಗನ್ನು ನೋಡಲು ದೋಣಿ ಬೇಕು, ಲಂಗರಿನ ಹಗ್ಗ ಹಿಡಿದು ಇಳಿಯಬೇಕು, ದೋಣಿಯವನ ಸಮಯಕ್ಕೆ ನಮ್ಮ ಸಮಯವನ್ನು ಹೊಂದಿಸಬೇಕು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವಿಂಗ್‌ನ ಮೊದಲ ರುಚಿ ಕಂಡ ನಮ್ಮವರಿಗೆ ದೋಣಿಯ ಹೊಯ್ದಾಟ, ವಾಂತಿ, ಕಾಯುವಿಕೆ ಎಲ್ಲವೂ ಗೊತ್ತಿರುವಂಥವೇ. ತುಲಾಂಬೆನ್‌ನಲ್ಲಿ ಇವು ಯಾವುವೂ ಇಲ್ಲ. ಹಡಗು ದಂಡೆಯಿಂದ ಜಾರಿದ್ದರಿಂದ ಅದರ ಮೇಲ್ಭಾಗ ಸುಮಾರು 5 ಮೀಟರ್ ಆಳದಲ್ಲಿಯೂ ತಳಭಾಗ ಸುಮಾರು 30 ಮೀಟರ್ ಆಳದಲ್ಲಿಯೂ ಇದೆ, ದಂಡೆಗೆ ಬಹುಮಟ್ಟಿಗೆ ಸಮಾನಾಂತರವಾಗಿ ಕಪ್ಪು ಮರಳಿನ ಮೇಲೆ ಒರಗಿದೆ. ಓಪನ್ ವಾಟರ್ ಎಂಬ ಮೊದಲ ಹಂತದ ಪ್ರಮಾಣಪತ್ರ ಮಾತ್ರ ಇದ್ದು 18 ಮೀಟರ್ ಮೀರದವರಿಗೂ ಅಲ್ಲಿ ನೋಡಲು ಬೇಕಾದಷ್ಟಿದೆ. ಅಡ್ವಾನ್ಸ್ಡ್ ಪ್ರಮಾಣಪತ್ರವಿದ್ದು 30 ಮೀಟರ್‌ವರೆಗೆ ಇಳಿಯಬಲ್ಲವರಿಗೆ ಕೆಳಗಿನ ಮಗ್ಗುಲೂ ಸಿಗುತ್ತದೆ. ಡೈವ್ ಮುಗಿಸಿ ಮೇಲೇರುವಾಗ ಸುಮಾರು 5 ಮೀಟರ್ ಆಳದಲ್ಲಿ ಮೂರು ನಿಮಿಷ ಮಾಡಬೇಕಾದ ಸುರಕ್ಷತಾ ನಿಲುಗಡೆಯನ್ನು ಹಡಗಿನ ನೆತ್ತಿಯ ಹವಳಗಳ ನಡುವೆಯೇ ಮಾಡಬಹುದು. ಬೇರೆ ಎಷ್ಟೋ ಕಡೆ ಖಾಲಿ ನೀರಿನಲ್ಲಿ, ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರ್ ನೋಡುತ್ತಾ ತೇಲುವ ಆ ಮೂರು ನಿಮಿಷಗಳು ಇಲ್ಲಿ ಡೈವ್‌ನ ಉತ್ತಮ ಭಾಗಗಳಲ್ಲಿ ಒಂದಾಗುತ್ತವೆ.

ಹಳ್ಳಿಯಲ್ಲಿ ತಂಗುವುದರ ನಿಜವಾದ ಲಾಭ ಬೆಳಗಿನ ಜಾವಕ್ಕೆ ಸಂಬಂಧಿಸಿದ್ದು. ಬಾಲಿಯಲ್ಲಿ ವರ್ಷವಿಡೀ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯೋದಯವಾಗುತ್ತದೆ. ಅಷ್ಟರೊಳಗೆ ನೀರಿಗಿಳಿದವರಿಗೆ ಹಡಗಿನೊಳಗೆ ರಾತ್ರಿ ಮಲಗಿದ್ದ ಉಬ್ಬುತಲೆಯ ಗಿಳಿಮೀನುಗಳು ಎದ್ದು ಹೊರಡುವುದು ಕಾಣಸಿಗುತ್ತದೆ. ಒಂದೂಕಾಲು ಮೀಟರ್‌ಗೂ ಹೆಚ್ಚು ಉದ್ದ ಬೆಳೆಯುವ, ಹಣೆಯ ಮೇಲೆ ದೊಡ್ಡ ಉಬ್ಬಿರುವ, ಹವಳವನ್ನೇ ಕಡಿದು ತಿನ್ನುವ ಈ ಮೀನುಗಳು ಕೊಟ್ಟಿಗೆಯಿಂದ ಹೊರಡುವ ದನಗಳಂತೆ ಒಂದರ ಹಿಂದೊಂದು, ಅವಸರವಿಲ್ಲದೆ, ತೂಕದ ನಡೆಯಲ್ಲಿ ತುಂಡಾದ ಕಬ್ಬಿಣದ ಚೌಕಟ್ಟುಗಳ ನಡುವಿನಿಂದ ಸಾಗಿ ಬರುತ್ತವೆ. ಜಗತ್ತಿನ ಹಲವು ಕಡೆ ಬೇಟೆಯಿಂದ ಇವುಗಳ ಸಂಖ್ಯೆ ಕುಸಿದಿದ್ದು, ಅಪಾಯಕ್ಕೆ ಸುಲಭವಾಗಿ ಈಡಾಗುವ ಜೀವಿಗಳ ಪಟ್ಟಿಯಲ್ಲಿ ಇವು ಸೇರಿವೆ. ಬೆಳಕು ಪೂರ್ತಿ ಹರಡುವ ಹೊತ್ತಿಗೆ ಅವು ಮೇಯಲು ಬೇರೆಡೆಗೆ ಹೋಗಿಬಿಡುತ್ತವೆ. ದಕ್ಷಿಣದಿಂದ ಬರುವ ವ್ಯಾನುಗಳು ದಂಡೆಗೆ ತಲುಪುವುದು ಒಂಬತ್ತು ಗಂಟೆಯ ನಂತರ. ಅವರಿಗೆ ಇದು ಕಾಣುವುದಿಲ್ಲ.

ಒಂಬತ್ತರಿಂದ ಮಧ್ಯಾಹ್ನ ಎರಡು ಮೂರು ಗಂಟೆಯವರೆಗೆ ಹಡಗಿನ ಸುತ್ತ ದಟ್ಟಣೆ ಇರುತ್ತದೆ ಎಂಬುದನ್ನು ಮರೆಮಾಚದೆ ಹೇಳಬೇಕು. ಒಂದು ಗುಂಪಿನ ಗುಳ್ಳೆಗಳು ಇನ್ನೊಂದು ಗುಂಪಿನ ಮುಖಕ್ಕೆ ಬರುತ್ತವೆ, ತಿರುವುಗಳಲ್ಲಿ ಕಾಲಿಗೆ ತೊಡುವ ಈಜುರೆಕ್ಕೆಗಳು, ಅಂದರೆ ಫಿನ್‌ಗಳು, ತಾಗುತ್ತವೆ, ಹೊಸಬರ ಕಾಲುಗಳಿಂದ ಎದ್ದ ಮರಳು ಕಾಣ್ಕೆಯನ್ನು ಕೆಡಿಸುತ್ತದೆ. ಆ ಹೊತ್ತನ್ನು ಹಳ್ಳಿಯಲ್ಲಿಯೇ ಇರುವ ಬೇರೆ ತಾಣಗಳಿಗೆ ಮೀಸಲಿಡುವುದು ಜಾಣತನ. ಕೋರಲ್ ಗಾರ್ಡನ್ ಎಂಬ ಆಳವಿಲ್ಲದ ಹವಳದ ಬಯಲೂ ಡ್ರಾಪ್ ಆಫ್ ಎಂಬ ಲಾವಾದ ಗೋಡೆಯೂ ಅದೇ ಕೊಲ್ಲಿಯಲ್ಲಿವೆ. ಲಿಬರ್ಟಿಗೆ ಮತ್ತೆ ಮರಳಬೇಕಾದ್ದು ನಾಲ್ಕು ಗಂಟೆಯ ಮೇಲೆ, ಅಥವಾ ಕತ್ತಲಾದ ನಂತರ ಟಾರ್ಚ್ ಹಿಡಿದು. ರಾತ್ರಿಯ ಡೈವ್‌ಗೆ ಹೊಸಬರು ಹಿಂಜರಿಯುತ್ತಾರೆ. ಆದರೆ ದಂಡೆ ಇಷ್ಟು ಹತ್ತಿರವಿರುವ, ಆಳವನ್ನು ನಾವೇ ಆಯ್ದುಕೊಳ್ಳಬಹುದಾದ, ಹಗಲಿನಲ್ಲಿ ಒಮ್ಮೆ ನೋಡಿ ಪರಿಚಯವಾದ ಹಡಗಿಗಿಂತ ಸೂಕ್ತವಾದ ತಾಣ ಮೊದಲ ರಾತ್ರಿಯ ಡೈವ್‌ಗೆ ಸಿಗುವುದು ಕಷ್ಟ.

ಹಡಗಿನಲ್ಲಿ ಏನು ಉಳಿದಿದೆ? ಇಡಿಯಾದ ಹಡಗನ್ನು ನಿರೀಕ್ಷಿಸಿ ಹೋಗುವವರಿಗೆ ನಿರಾಶೆಯಾಗಬಹುದು. ನೆಲ ಹತ್ತಿದ ಕಾಲದಲ್ಲಿ ಬಿಚ್ಚಿಕೊಂಡು ಹೋದದ್ದು, ಜ್ವಾಲಾಮುಖಿಯ ಹೊಡೆತ, ಉಪ್ಪುನೀರಿನ ತುಕ್ಕು ಇವೆಲ್ಲ ಸೇರಿ ನಡುಭಾಗ ಗುರುತು ಸಿಗದಷ್ಟು ಮುರಿದಿದೆ. ಕೋಣೆಯಿಂದ ಕೋಣೆಗೆ ಹೋಗುವ, ಎಂಜಿನ್ ಮನೆಯೊಳಗೆ ಇಳಿಯುವ ಬಗೆಯ ರೆಕ್ ಡೈವಿಂಗ್ ಇಲ್ಲಿಲ್ಲ. ಬದಲಿಗೆ ಎತ್ತರದ ಪಕ್ಕೆಲುಬುಗಳ ನಡುವೆ, ಎರಡೂ ಕಡೆ ಬೆಳಕು ಕಾಣುವಂಥ ಅಗಲವಾದ ತೆರಪುಗಳಲ್ಲಿ ಹಾದುಹೋಗುವ ಅವಕಾಶವಿದೆ. ಬಾಯ್ಲರ್, ಲಂಗರಿನ ಸರಪಳಿ, ತೋಪು ಇವುಗಳನ್ನು ಗೈಡ್ ಬೆರಳು ಮಾಡಿ ತೋರಿಸಿದ ಮೇಲೆ ಗುರುತಿಸಬಹುದು, ಅಷ್ಟು ದಪ್ಪವಾಗಿ ಹವಳ ಮತ್ತು ಸ್ಪಂಜು ಅವುಗಳ ಮೇಲೆ ಕುಳಿತಿವೆ. ನನ್ನ ಮಟ್ಟಿಗೆ ಈ ಹಡಗಿನ ಬೆಲೆ ಇರುವುದು ಅಲ್ಲಿಯೇ. ಬರೀ ಕಪ್ಪು ಮರಳಿನ ಇಳಿಜಾರಾಗಿದ್ದ ಜಾಗದಲ್ಲಿ ಗಟ್ಟಿ ಆಸರೆ ಸಿಕ್ಕಿದೊಡನೆ ಹವಳದ ಮರಿಗಳು ಅಂಟಿಕೊಂಡು, ಆ ಹವಳಕ್ಕೆ ಮೀನು, ಮೀನಿಗೆ ಬರಾಕುಡಾ ಎಂದು ಅರವತ್ತು ವರ್ಷಗಳಲ್ಲಿ ಒಂದು ಇಡೀ ಬಂಡೆಸಾಲು ತಯಾರಾಗಿದೆ. ಹಡಗಿನ ಪಕ್ಕದ ಮರಳಿನಲ್ಲಿ ಅರ್ಧ ದೇಹ ಹೊರಹಾಕಿ ತೂಗಾಡುವ ಗಾರ್ಡನ್ ಈಲ್‌ಗಳು, ಮೇಲೆ ಸುಳಿ ಕಟ್ಟಿ ತಿರುಗುವ ಟ್ರೆವಲಿ ಮೀನುಗಳ ಹಿಂಡು, ಆಳದ ಬೀಸಣಿಗೆ ಹವಳದಲ್ಲಿ ಎರಡು ಸೆಂಟಿಮೀಟರ್‌ನಷ್ಟೂ ಇಲ್ಲದ ಕುಬ್ಜ ಕಡಲ್ಗುದುರೆ, ಹೀಗೆ ಕಣ್ಣು ಪಳಗಿದಷ್ಟೂ ಹೊಸದು ಕಾಣುತ್ತದೆ. ಮೊದಲ ಡೈವ್‌ನಲ್ಲಿ ಕಬ್ಬಿಣ ಕಂಡವರಿಗೆ ಮೂರನೆಯದರಲ್ಲಿ ಅದರ ಮೇಲಿನ ಬದುಕು ಕಾಣತೊಡಗುತ್ತದೆ.

ತುಕ್ಕು ಹಿಡಿದ ತಗಡುಗಳು ವರ್ಷ ವರ್ಷಕ್ಕೂ ತೆಳುವಾಗುತ್ತಿವೆ. ಅವುಗಳ ಮೇಲೆ ಭಾರ ಹಾಕುವುದು, ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುವುದು ಹಡಗಿಗೂ ಹವಳಕ್ಕೂ ನಮ್ಮ ಕೈಗೂ ಕೆಟ್ಟದ್ದು. ತೇಲುವಿಕೆಯ ಹಿಡಿತ ಇನ್ನೂ ಬಾರದವರು ಮೊದಲ ಡೈವ್ ಅನ್ನು ಕೋರಲ್ ಗಾರ್ಡನ್‌ನಲ್ಲಿ ಮಾಡಿ ತೂಕದ ಬೆಲ್ಟನ್ನು ಸರಿಪಡಿಸಿಕೊಂಡು ನಂತರ ಹಡಗಿಗೆ ಹೋಗಬೇಕೆಂದು ಗೈಡ್ ಸೂಚಿಸಿದರೆ ಅದನ್ನು ಅವಮಾನವೆಂದು ತಿಳಿಯಬಾರದು. ಹಾಗೆ ಸೂಚಿಸುವ ಗೈಡ್ ಒಳ್ಳೆಯವನು.

ಇನ್ನು ಸೇವೆಯ ಮಾತು. ಹಳ್ಳಿಯ ಉದ್ದಕ್ಕೂ ರಸ್ತೆ ಮತ್ತು ಸಮುದ್ರದ ನಡುವೆ ಅನೇಕ ಡೈವ್ ಕೇಂದ್ರಗಳಿವೆ. ಬಹುತೇಕ ಕೇಂದ್ರಗಳಿಗೆ ಸೇರಿದಂತೆ ಕೋಣೆಗಳೂ ಊಟದ ಮನೆಯೂ ಇರುತ್ತವೆ. ನಾನು ತಂಗಿದ್ದದ್ದು ಸ್ಥಳೀಯ ಕುಟುಂಬವೊಂದು ನಡೆಸುವ ಸಣ್ಣ ಕೇಂದ್ರದಲ್ಲಿ. ಅಲ್ಲಿ ನನಗೆ ಮೆಚ್ಚುಗೆಯಾದದ್ದು ಇಬ್ಬರು ಅಥವಾ ಹೆಚ್ಚೆಂದರೆ ಮೂವರಿಗೆ ಒಬ್ಬ ಗೈಡ್ ಎಂಬ ನಿಯಮ, ಇಳಿಯುವ ಮುನ್ನ ಹಲಗೆಯ ಮೇಲೆ ಹಡಗಿನ ನಕ್ಷೆ ಬರೆದು ಯಾವ ಆಳದಲ್ಲಿ ಎಷ್ಟು ಹೊತ್ತು ಎಂದು ನಿರ್ಧರಿಸಿಕೊಳ್ಳುವ ಶಿಸ್ತು, ಮತ್ತು ಟ್ಯಾಂಕಿನಲ್ಲಿ 50 ಬಾರ್ ಒತ್ತಡದಷ್ಟು ಗಾಳಿ ಉಳಿದಿರುವಾಗಲೇ ಮೇಲೆ ಇರಬೇಕೆಂಬ ಬಿಗಿ. ಒಂದು ದಿನದ ಪ್ರವಾಸಕ್ಕೆ ಕರೆದೊಯ್ದ ಇನ್ನೊಂದು ಸಂಸ್ಥೆಯಲ್ಲಿ ಇದಕ್ಕೆ ವಿರುದ್ಧವಾದದ್ದನ್ನು ಕಂಡೆ: ಅನುಭವದಲ್ಲಿ ಅಜಗಜಾಂತರವಿದ್ದ ಆರು ಮಂದಿಯನ್ನು ಒಂದೇ ಗೈಡ್‌ಗೆ ಒಪ್ಪಿಸಿದ್ದರು, ವಿವರಣೆ ವ್ಯಾನಿನಲ್ಲಿಯೇ ಅವಸರದಿಂದ ಮುಗಿದಿತ್ತು, ಬಾಡಿಗೆಗೆ ಕೊಟ್ಟ, ಟ್ಯಾಂಕಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಒಂದರಿಂದ ನಿರಂತರವಾಗಿ ಗಾಳಿ ಸೋರುತ್ತಿತ್ತು. ಮೊದಲು ಗಾಳಿ ಮುಗಿಸಿದವನ ಲೆಕ್ಕಕ್ಕೆ ಎಲ್ಲರೂ ಮೇಲೇರಬೇಕಾಯಿತು. ಆದ್ದರಿಂದ ಕಾಯ್ದಿರಿಸುವ ಮುನ್ನ ಬರಹದಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ. ಒಬ್ಬ ಗೈಡ್‌ಗೆ ಎಷ್ಟು ಜನ, ಸೂರ್ಯೋದಯದ ಡೈವ್‌ಗೆ ದಂಡೆಯಲ್ಲಿರುವುದು ಎಷ್ಟು ಗಂಟೆಗೆ, ತುರ್ತಿಗೆ ಆಮ್ಲಜನಕದ ಸಿಲಿಂಡರ್ ಕೇಂದ್ರದಲ್ಲಿ ಇದೆಯೇ, ಪ್ರತಿಯೊಬ್ಬರಿಗೂ ಡೈವ್ ಕಂಪ್ಯೂಟರ್ ಕೊಡುತ್ತಾರೆಯೇ. ‘ಸೂರ್ಯೋದಯ’ ಎಂದು ಹೇಳಿ ಏಳೂವರೆಗೆ ನೀರಿಗಿಳಿಸುವವರೂ ಇದ್ದಾರೆ.

ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿ ನೈಟ್ರೊಜನ್ ತಗ್ಗಿಸಿದ, ಆಳದಲ್ಲಿ ಹೆಚ್ಚು ಹೊತ್ತು ಇರಲು ಬಿಡುವ ಗಾಳಿ, ಸಿಗುತ್ತದೆಯೇ ಎಂದೂ ವಿಚಾರಿಸಬೇಕು. ಶೇಕಡ 32ರಷ್ಟು ಆಮ್ಲಜನಕವಿರುವ ಮಿಶ್ರಣದ ಸುರಕ್ಷಿತ ಆಳದ ಮಿತಿ ಸುಮಾರು 33 ಮೀಟರ್. ಹಡಗಿನ ತಳ 30ರಲ್ಲಿ ಇರುವುದರಿಂದ ಈ ಮಿಶ್ರಣ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಸಾಮಾನ್ಯ ಗಾಳಿಯಲ್ಲಿ 30 ಮೀಟರ್ ಆಳದಲ್ಲಿ ಇರಬಹುದಾದದ್ದು ಡೈವಿಂಗ್ ತರಬೇತಿ ಸಂಸ್ಥೆಯಾದ ಪಾಡಿಯ ಕೋಷ್ಟಕದ ಪ್ರಕಾರ 20 ನಿಮಿಷ ಮಾತ್ರ, ಅದೂ ದಿನದ ಮೊದಲ ಡೈವ್‌ನಲ್ಲಿ. ದಿನಕ್ಕೆ ಮೂರು ಡೈವ್ ಮಾಡುವ ಯೋಚನೆ ಇದ್ದವರು ಊರಿನಿಂದ ಹೊರಡುವ ಮುನ್ನವೇ ನೈಟ್ರಾಕ್ಸ್ ತರಬೇತಿ ಮುಗಿಸಿಕೊಂಡು ಹೋದರೆ ಆ ಖರ್ಚು ಇಲ್ಲಿಯೇ ಸಾರ್ಥಕವಾಗುತ್ತದೆ.

ತುಲಾಂಬೆನ್‌ನ ಸೇವೆಯಲ್ಲಿ ಬೇರೆಲ್ಲೂ ಕಾಣದ ಒಂದು ಅಂಗವೆಂದರೆ ಟ್ಯಾಂಕ್ ಹೊರುವ ಹೆಂಗಸರು. ಊರಿನ ಹೊರೆಯಾಳುಗಳ ಒಕ್ಕೂಟಕ್ಕೆ ಸೇರಿದ ಇವರು ತಲೆಯ ಮೇಲೆ ಸಿಂಬೆ ಇಟ್ಟು, ತುಂಬಿದಾಗ ಸುಮಾರು 17 ಕಿಲೊ ತೂಗುವ ಟ್ಯಾಂಕನ್ನು, ಕೆಲವೊಮ್ಮೆ ಎರಡನ್ನು, ಹೊತ್ತು, ಕಾಲಿಗೆ ರಬ್ಬರ್ ಚಪ್ಪಲಿ ಮಾತ್ರ ಮೆಟ್ಟಿ ಆ ಉರುಳುವ ಕಲ್ಲುಗಳ ಮೇಲೆ ನಡೆಯುತ್ತಾರೆ. ಅದೇ ಕಲ್ಲುಗಳ ಮೇಲೆ ಖಾಲಿ ಕೈಯಲ್ಲಿ ನಡೆಯುವುದೇ ನಮಗೆ ಕಷ್ಟ. ಪ್ರವಾಸಿಗರು ಅವರ ಫೋಟೊ ತೆಗೆಯುತ್ತಾರೆ, ಹೆಸರು ಕೇಳುವವರು ಕಡಿಮೆ. ಅವರ ಕೂಲಿ ಡೈವ್‌ನ ದರದಲ್ಲಿಯೇ ಸೇರಿದೆಯೆಂದು ಕೇಂದ್ರಗಳು ಹೇಳುತ್ತವೆಯಾದರೂ, ಹೊರಡುವ ದಿನ ಅವರ ಕೈಗೇ ನೇರವಾಗಿ ಸ್ವಲ್ಪ ಹಣ ಕೊಡುವುದು ಯೋಗ್ಯವೆಂದು ನಾನು ಭಾವಿಸುತ್ತೇನೆ. ಈ ಹಡಗಿನಿಂದ ಬರುವ ಆದಾಯದಲ್ಲಿ ಹಳ್ಳಿಯವರ ಪಾಲು ಉಳಿದಿರುವುದು ಇಂಥ ಏರ್ಪಾಡುಗಳಿಂದ. ಹಳ್ಳಿಯಲ್ಲಿಯೇ ತಂಗಿ, ಅಲ್ಲಿಯೇ ಉಂಡು, ಅಲ್ಲಿನ ಗೈಡ್‌ನೊಂದಿಗೆ ಇಳಿಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ನೀರಿಗಿಳಿಯುವ ಜಾಗವೇ ಇಲ್ಲಿನ ನಿಜವಾದ ತೊಡಕು. ದಂಡೆಯಲ್ಲಿ ಮರಳಿಲ್ಲ, ತೆಂಗಿನಕಾಯಿ ಗಾತ್ರದವರೆಗಿನ ನುಣುಪಾದ ಕಪ್ಪು ಕಲ್ಲುಗಳು ಅಲೆಯೊಂದಿಗೆ ಉರುಳುತ್ತಿರುತ್ತವೆ. ದಪ್ಪ ಅಟ್ಟೆಯ ಬೂಟಿ ಮತ್ತು ಹಿಮ್ಮಡಿ ತೆರೆದ ಫಿನ್ ಕಡ್ಡಾಯವೆಂದೇ ತಿಳಿಯಬೇಕು, ಬರಿಗಾಲಿಗೆ ಹಾಕುವ ಫಿನ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಸೊಂಟದವರೆಗೆ ನೀರು ಬರುವ ತನಕ ಗೈಡ್‌ನ ಕೈ ಹಿಡಿದು ನಡೆದು, ಅಲೆ ಹಿಂದೆ ಸರಿದ ಕ್ಷಣದಲ್ಲಿ ಫಿನ್ ತೊಟ್ಟು, ಮಾಸ್ಕ್ ಮೇಲೆ ಒಂದು ಕೈ ಇಟ್ಟುಕೊಂಡು ಈಜಿ ಮುಂದೆ ಹೋಗಿಬಿಡಬೇಕು. ಬೆಳಗ್ಗೆ ನೀರು ಶಾಂತವಾಗಿರುತ್ತದೆ, ಮಧ್ಯಾಹ್ನದ ಗಾಳಿಗೆ ಅಲೆ ಏಳುತ್ತದೆ. ಮಂಡಿನೋವು, ಸೊಂಟನೋವು ಇರುವವರು ಇದನ್ನು ಮೊದಲೇ ಕೇಂದ್ರದವರಿಗೆ ತಿಳಿಸಿದರೆ, ಅವರು ಉಪಕರಣಗಳನ್ನು ನೀರಿನಲ್ಲಿಯೇ ತೊಡಿಸುವ ವ್ಯವಸ್ಥೆ ಮಾಡುತ್ತಾರೆ.

ಯಾವ ತಿಂಗಳಿನಲ್ಲಿ ಹೋಗಬೇಕು ಎಂಬುದಕ್ಕೆ ಏಪ್ರಿಲ್‌ನಿಂದ ನವೆಂಬರ್ ಎಂಬುದು ಸರಳವಾದ ಉತ್ತರ. ಜನವರಿ, ಫೆಬ್ರವರಿಯ ಮಳೆಗೆ ಬೆಟ್ಟದಿಂದ ಬೂದಿಮಣ್ಣು ಹರಿದುಬಂದು ನೀರು ಕದಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ನೀರು ಸ್ವಲ್ಪ ತಂಪು. 3 ಮಿಲಿಮೀಟರ್ ವೆಟ್‌ಸೂಟ್ ಇದ್ದರೆ ಸಾಕು. ಬಾಲಿಯ ಜನರ ನ್ಯೆಪಿ ಹಬ್ಬದ ದಿನವನ್ನು ಮಾತ್ರ ಪಂಚಾಂಗದಲ್ಲಿ ನೋಡಿಕೊಳ್ಳಲೇಬೇಕು. ಅದು ಅವರ ಶಕ ಸಂವತ್ಸರದ ಮೊದಲ ದಿನ. ನಮ್ಮ ಯುಗಾದಿಯ ಶಾಲಿವಾಹನ ಶಕೆಯೇ ಅವರದೂ ಆದುದರಿಂದ ಎರಡೂ ಹಬ್ಬಗಳು ಹಲವು ವರ್ಷ ಒಂದೇ ಆಸುಪಾಸಿನಲ್ಲಿ ಬರುತ್ತವೆ, 2023ರಲ್ಲಿ ಮಾರ್ಚ್ 22ರಂದು ಒಂದೇ ದಿನ ಬಂದಿದ್ದವು. ನ್ಯೆಪಿಯಂದು ಇಡೀ ದ್ವೀಪವೇ ಮೌನ ಆಚರಿಸುತ್ತದೆ. ವಿಮಾನ ನಿಲ್ದಾಣವೂ ಮುಚ್ಚುತ್ತದೆ, ಪ್ರವಾಸಿಗರೂ ಹೊರಗೆ ಬರುವಂತಿಲ್ಲ, ಡೈವಿಂಗ್ ಇಲ್ಲ. ಯುಗಾದಿಯ ರಜೆಗೆ ಹೋಗಲು ಬಯಸುವವರು ಟಿಕೆಟ್ ಕೊಳ್ಳುವ ಮೊದಲು ಆ ದಿನಾಂಕವನ್ನು ಖಚಿತಪಡಿಸಿಕೊಳ್ಳಲಿ.

ಪ್ರಯಾಣ ಈಗ ಸುಲಭ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಆರಂಭವಾಯಿತು. ಭಾರತೀಯರಿಗೆ ಬಂದಿಳಿದ ಮೇಲೆ ಪಡೆಯುವ 30 ದಿನಗಳ ವೀಸಾಕ್ಕೆ 5,00,000 ರುಪಿಯಾ, ಅದರ ಜೊತೆಗೆ 2024ರ ಫೆಬ್ರವರಿ 14ರಿಂದ ಜಾರಿಗೆ ಬಂದ ಬಾಲಿಯ ಪ್ರವಾಸಿ ಶುಲ್ಕ 1,50,000 ರುಪಿಯಾ. ವಿಮಾನ ನಿಲ್ದಾಣದಿಂದ ಕರಂಗಾಸೆಮ್ ಜಿಲ್ಲೆಯ ಮೂಲಕ ತುಲಾಂಬೆನ್‌ಗೆ ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ ಬೇಕು. ಕಾರನ್ನು ಡೈವ್ ಕೇಂದ್ರದವರ ಮೂಲಕವೇ ಗೊತ್ತುಮಾಡುವುದು ಅನುಕೂಲ. ನಗದು ಹಣ ಜೊತೆಗಿರಲಿ. ಸಸ್ಯಾಹಾರಿಗಳಿಗೆ ಹುದುಗಿಸಿದ ಸೋಯಾಕಾಳಿನ ತೆಂಪೆ, ತೋಫು, ತರಕಾರಿ, ಅನ್ನ ಧಾರಾಳವಾಗಿ ಸಿಗುತ್ತದೆ, ಆದರೆ ಅಲ್ಲಿನ ಸಂಬಾಲ್ ಚಟ್ನಿಗೆ ಸೀಗಡಿಯನ್ನು ಹುದುಗಿಸಿ ಅರೆದ ತೆರಾಸಿ ಸೇರಿಸುವ ರೂಢಿ ಇರುವುದರಿಂದ ಅದಿಲ್ಲದೆ ಮಾಡಿಕೊಡಿ ಎಂದು ಮೊದಲೇ ಹೇಳಬೇಕು.

ವಿಮೆಯ ಬಗ್ಗೆ ಅಲಕ್ಷ್ಯ ಕೂಡದು. ನಮ್ಮಲ್ಲಿ ಮಾರಾಟವಾಗುವ ಹಲವು ಪ್ರವಾಸ ವಿಮೆಗಳು ಸ್ಕೂಬಾವನ್ನು ಹೊರಗಿಡುತ್ತವೆ ಅಥವಾ ಆಳಕ್ಕೆ ಮಿತಿ ಹಾಕುತ್ತವೆ. ಬೇಗ ಮೇಲೇರಿದಾಗ ದೇಹದಲ್ಲಿ ನೈಟ್ರೊಜನ್ ಗುಳ್ಳೆಯಾಗುವುದರಿಂದ ಬರುವ ಒತ್ತಡ ಕಾಯಿಲೆಗೆ ಚಿಕಿತ್ಸೆ ನೀಡುವ ಕೊಠಡಿ ಇರುವುದು ಬಾಲಿಯ ರಾಜಧಾನಿ ಡೆನ್‌ಪಸಾರ್‌ನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ, ಅಂದರೆ ಹಳ್ಳಿಯಿಂದ ಮೂರು ಗಂಟೆಯ ದಾರಿ. ಡೈವರ್‌ಗಳಿಗೆಂದೇ ಇರುವ ಡಾನ್ ಸಂಸ್ಥೆಯ ವಿಮೆಯನ್ನು ಪ್ರವಾಸಕ್ಕೆ ಮುನ್ನ ಮಾಡಿಸಿಕೊಳ್ಳುವುದು ಉತ್ತಮ. ಅಗುಂಗ್ ಇಂದಿಗೂ ಜೀವಂತ ಜ್ವಾಲಾಮುಖಿ. 2017ರ ನವೆಂಬರ್‌ನಲ್ಲಿ ಅದರ ಬೂದಿಯಿಂದಾಗಿ ಬಾಲಿಯ ವಿಮಾನ ನಿಲ್ದಾಣವನ್ನು ಮುಚ್ಚಬೇಕಾಯಿತು. ವಿಮಾನ ರದ್ದಾದಾಗಿನ ವೆಚ್ಚವನ್ನೂ ಭರಿಸುವಂಥ ವಿಮೆಯಾಗಿದ್ದರೆ ಒಳಿತು.

ಡೈವ್ ಮಾಡದ ಸಂಗಾತಿಗಳು ಏನು ಮಾಡಬೇಕೆಂಬ ಪ್ರಶ್ನೆ ಕುಟುಂಬದೊಂದಿಗೆ ಹೋಗುವವರಿಗೆ ಇದ್ದೇ ಇರುತ್ತದೆ. ಹಡಗಿನ ನೆತ್ತಿ ಅಷ್ಟು ಮೇಲಿರುವುದರಿಂದ, ನೀರು ತಿಳಿಯಾಗಿರುವ ಬೆಳಗಿನಲ್ಲಿ ಲೈಫ್ ಜಾಕೆಟ್ ತೊಟ್ಟು ಸ್ನಾರ್ಕೆಲ್‌ನಿಂದ ನೋಡಿದರೂ ಅದರ ಆಕಾರ, ಮೀನಿನ ಹಿಂಡು, ಕೆಳಗಿನಿಂದ ಏಳುವ ನಮ್ಮ ಗುಳ್ಳೆಗಳು ಎಲ್ಲವೂ ಕಾಣುತ್ತವೆ. ಮುಳುಗಿದ ಹಡಗೊಂದನ್ನು ಮನೆಯವರೆಲ್ಲರೂ ಒಟ್ಟಿಗೆ ನೋಡಬಹುದಾದ ಇಂಥ ತಾಣಗಳು ಅಪರೂಪ.

ಕೊನೆಯ ದಿನವನ್ನು ಖಾಲಿ ಬಿಟ್ಟೇ ಯೋಜನೆ ಹಾಕಬೇಕು. ಹಲವು ಡೈವ್ ಮಾಡಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಡಾನ್‌ನ ಸಲಹೆ. ಆ ಅವಧಿಯಲ್ಲಿ ಅಗುಂಗ್ ಹತ್ತುವುದಾಗಲಿ, ಕಿಂತಾಮಣಿ ಎಂಬ ಬೆಟ್ಟಪ್ರದೇಶದ ಎತ್ತರದ ರಸ್ತೆಯಲ್ಲಿ ಮರಳುವುದಾಗಲಿ ಸಲ್ಲದು, ಏಕೆಂದರೆ ವಿಮಾನದಲ್ಲಿ ಆಗುವಂತೆಯೇ ಎತ್ತರಕ್ಕೆ ಹೋದಾಗಲೂ ದೇಹದಲ್ಲಿ ಉಳಿದ ನೈಟ್ರೊಜನ್ ಗುಳ್ಳೆಯಾಗುವ ಅಪಾಯವಿದೆ. ಬೆಳಗ್ಗೆ ಹಳ್ಳಿಯಿಂದ ಹೊರಟು ಅಮ್ಲಪುರದ ಮಾರ್ಗವಾಗಿ ಕರಾವಳಿಯ ರಸ್ತೆಯಲ್ಲಿ ಸಾಗಿ, ದಾರಿಯಲ್ಲಿ ಕರಂಗಾಸೆಮ್‌ನ ರಾಜರು 1946ರಲ್ಲಿ ಕಟ್ಟಿಸಿದ ತೀರ್ಥಗಂಗಾ ಎಂಬ ಕೊಳಗಳ ಉದ್ಯಾನದಲ್ಲಿ ಒಂದೆರಡು ಗಂಟೆ ಕಳೆದು, ರಾತ್ರಿಯ ವಿಮಾನಕ್ಕೆ ಸಂಜೆಯೊಳಗೆ ಡೆನ್‌ಪಸಾರ್ ಸೇರಬಹುದು. ಹಾಗೆ ಮಾಡಲು ಹಿಂದಿನ ದಿನದ ಸೂರ್ಯೋದಯದ ಡೈವನ್ನೇ ಕೊನೆಯದಾಗಿ ಇಟ್ಟುಕೊಂಡು, ಒದ್ದೆಯಾದ ಉಪಕರಣಗಳನ್ನು ಆ ಮಧ್ಯಾಹ್ನವೇ ಸಿಹಿನೀರಿನಲ್ಲಿ ತೊಳೆದು ಒಣಗಿಸಿದರೆ, ಸಾಮಾನಿನ ತೂಕವೂ ವಿಮಾನದ ಮಿತಿಯೊಳಗೆ ಉಳಿಯುತ್ತದೆ.